ಎಸಳಿನ ತುದಿಯ ಕಚ್ಚು

ಜಪಾನಿನ ಚೆರ್ರಿ ಹೂವನ್ನು ನಾನು ಕಣ್ಣಾರೆ ಕಂಡಿಲ್ಲ, ಕಾಣುವ ಯೋಗವೂ ಇದ್ದಂತಿಲ್ಲ. ಆದರೆ ಅದರ ಎಸಳಿನ ತುದಿ ಹೇಗಿರುತ್ತದೆ ಎಂದು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ತುದಿಯ ನಟ್ಟನಡುವೆ ಅಕ್ಕಿಕಾಳಿನಷ್ಟು ಒಂದು ಕಚ್ಚು ಇರುತ್ತದೆ, ಇಲಿ ಹಲ್ಲಿಟ್ಟು ಬಿಟ್ಟಂತೆ. ಆ ಕಚ್ಚನ್ನು ನಾಲ್ಕೂವರೆ ಸಾವಿರ ಎಸಳುಗಳಿಂದ ಅಳಿಸಿಹಾಕಿದವಳು ನಾನೇ.

ಅಥಣಿಯ ಒಂದು ಬಾಡಿಗೆ ಕೋಣೆಯಲ್ಲಿ ನಾವು ಏಳು ಮಂದಿ ಹೆಣ್ಣುಮಕ್ಕಳು ಕುಳಿತು ತೊಗಲಿನ ಚಪ್ಪಲಿ ಮಾಡುತ್ತೇವೆ. ಹೊರಗಿನವರು ಅದನ್ನು ಕೊಲ್ಲಾಪುರಿ ಎನ್ನುತ್ತಾರೆ. ಇದು ಅಥಣಿಯದು ಎಂದು ಜಗಳ ಮಾಡಿ ಮಾಡಿ ನಮಗೂ ಸಾಕಾಗಿದೆ. ಅಡಿಯ ಅಟ್ಟೆ ಎಮ್ಮೆಯ ತೊಗಲಿನದು, ಮೇಲಿನ ಪಟ್ಟಿ ಆಡಿನದು. ಚಿತ್ರ ಬರೆಯುವುದು, ಮಾದರಿ ತೆಗೆಯುವುದು, ಕೊನೆಗೆ ಪ್ರತಿ ಜೋಡಿ ನೋಡಿ ಪಾಸು ಮಾಡುವುದು ನನ್ನ ಕೆಲಸ. ಹೊಲಿಗೆಯಲ್ಲಿ ನಮಗೆಲ್ಲ ಗುರು ಮಾವಶಿ, ನಮ್ಮ ಕಡೆ ಚಿಕ್ಕಮ್ಮನನ್ನು ಕರೆಯುವ ಹೆಸರು ಅದು. ಅರವತ್ತು ದಾಟಿದಾಕೆ. ಪಟ್ಟಿಯ ಅಂಚು ಎಲ್ಲಾದರೂ ಕೂದಲೆಳೆಯಷ್ಟು ಎದ್ದಿದ್ದರೂ ಚಪ್ಪಲಿಯನ್ನು ಎತ್ತಿ ಒಗೆಯುವವಳು. ನನ್ನ ಮೊದಲ ಹನ್ನೆರಡು ಜೋಡಿ ಹಾಗೇ ಅಂಗಳ ಸೇರಿದ್ದವು.

ಪುಣೆಯ ಮೂಲಕ ಬಂದ ಆರ್ಡರ್ ಅದು. ಬೆಳಗಾವಿ ಕಡೆ ಹುಟ್ಟಿ ಪುಣೆ ಸೇರಿದ ಒಬ್ಬ ಮೇಡಂ ನಮಗೂ ಜಪಾನಿನವರಿಗೂ ನಡುವೆ ನಿಂತಿದ್ದರು. ಅಲ್ಲಿ ವಸಂತದಲ್ಲಿ ಚೆರ್ರಿ ಅರಳಿದಾಗ ಜನ ಬುತ್ತಿ ಕಟ್ಟಿಕೊಂಡು ಹೋಗಿ, ಗಿಡದ ಕೆಳಗೆ ಚಾಪೆ ಹಾಸಿ ಕೂರುತ್ತಾರಂತೆ. ಉಣ್ಣುವುದು, ಹೂ ನೋಡುವುದು, ಮನೆಗೆ ಬರುವುದು. "ಹೊಲದಾಗ ಕುಂತು ಉಣ್ಣೂ ನಮ್ಮ ಎಳ್ಳಮಾಸಿ ಇದ್ದಂಗ ಐತಿ ಬಿಡು, ಹೊಲದ ಬದಲಿ ಹೂವಿನ ಗಿಡ" ಎಂದು ಮಾವಶಿ ಒಂದೇ ಮಾತಿನಲ್ಲಿ ಮುಗಿಸಿದಳು. ಅಂಥ ಒಂದು ತೋಟದ ಬಾಗಿಲಲ್ಲಿ ಮಳಿಗೆ, ಅದರಲ್ಲಿ ನಮ್ಮ ಮುನ್ನೂರು ಜೋಡಿ. ಪ್ರತಿ ಪಟ್ಟಿಯ ಮೇಲೆ ತೊಗಲಿನ ಚೆರ್ರಿ ಹೂ. ಅಲ್ಲಿಯವರೆಗೆ ನಮ್ಮ ಕೈಯ ಮಾಲೆಲ್ಲ ಬೇರೆಯವರ ಹೆಸರಿನಲ್ಲಿ ಹೋಗುತ್ತಿತ್ತು. ಇದು ಮಾತ್ರ ನಮ್ಮದೇ ಹೆಸರಿನ ಚೀಟಿ ಹಚ್ಚಿಕೊಂಡು ಹೋಗುವುದಿತ್ತು.

ಹೂಗಳು ಮೂರು ಬಗೆ. ಮೇಡಂ ಕಳಿಸಿದ ಹಾಳೆಯನ್ನು ಗೋಡೆಗೆ ಅಂಟಿಸಿದ್ದೆವು. ಮೊದಲನೆಯದು ಶಿದಾರೆ: ಕೊಂಬೆಗಳೆಲ್ಲ ನೆಲಕ್ಕೆ ಜೋತುಬಿದ್ದು, ಹೂ ಕೆಳಮುಖವಾಗಿ ಇಳಿಯುವ ಗಿಡ. ಎರಡನೆಯದು ಸೋಮೇ ಯೋಶಿನೋ: ಐದೇ ಎಸಳು, ಬಿಳಿಗೆ ಹತ್ತಿರದ ಗುಲಾಬಿ. ಇವೆಲ್ಲ ಕಸಿ ಕಟ್ಟಿ ಬೆಳೆಸಿದವು, ಒಂದೇ ತಾಯಿಗಿಡದ ಮಕ್ಕಳಿದ್ದಂತೆ. ಹಾಗಾಗಿ ಒಂದು ಊರಿನ ಗಿಡಗಳೆಲ್ಲ ಒಟ್ಟಿಗೆ ಅರಳಿ, ವಾರದೊಳಗೆ ಒಟ್ಟಿಗೆ ಉದುರುತ್ತವೆ. ಮೂರನೆಯದು ಯಾಯೆ: ಎಸಳ ಮೇಲೆ ಎಸಳು, ಚೆಂಡುಹೂವಿನಂತೆ ತುಂಬಿಕೊಂಡದ್ದು, ಬಣ್ಣವೂ ಗಾಢ. ನಮ್ಮ ಹುಡುಗಿಯರು ಅವಕ್ಕೆ ಜೋಲಾಕಿ, ತೆಳ್ಳನಾಕಿ, ದಪ್ಪಾಕಿ ಎಂದು ಹೆಸರಿಟ್ಟರು. ಹಾಳೆಯ ಕೆಳಗೆ ಯಾವುದು ಯಾವಾಗ ಅರಳುತ್ತದೆ ಎಂದೂ ಬರೆದಿತ್ತು. ಅದನ್ನು ಆಗ ಯಾರೂ ಲಕ್ಷ್ಯವಿಟ್ಟು ಓದಲಿಲ್ಲ.

ಮಾದರಿ ಜೋಡಿಯನ್ನು ನಾನೇ ತೊಗಲು ಕೊಯ್ಯುವ ರಂಪಿಗೆಯಿಂದ ಕತ್ತರಿಸಿ ಮಾಡಿದೆ. ಪಟದಲ್ಲಿ ಕಂಡಂತೆ ತುದಿಯಲ್ಲಿ ಕಚ್ಚು ಇಟ್ಟೆ. ಅದು ಒಪ್ಪಿಗೆಯಾಗಿ ಬಂತು. ಆದರೆ ಸಾವಿರಗಟ್ಟಲೆ ಎಸಳನ್ನು ರಂಪಿಗೆಯಿಂದ ಕತ್ತರಿಸಲು ಆಗುವುದಿಲ್ಲ, ಉಕ್ಕಿನ ಅಚ್ಚು ಬೇಕು. ಹುಣಸೆ ದಿಮ್ಮಿಯ ಮೇಲೆ ತೊಗಲು ಹಾಸಿ, ಅಚ್ಚಿಟ್ಟು ಸುತ್ತಿಗೆಯಿಂದ ಹೊಡೆದರೆ ಎಸಳು ಬೀಳಬೇಕು. ನಮಗೆ ಅಚ್ಚು ಮಾಡಿಕೊಡುವವರು ನಿಪ್ಪಾಣಿಯ ಚಾಚಾ. ಎಪ್ಪತ್ತರ ಮೇಲಿನವರು. ಒಂದು ಕಾಲಕ್ಕೆ ಊರ ತುಂಬ ಬೀಡಿ ಕಟ್ಟುವವರಿಗೆ ಎಲೆ ಕತ್ತರಿಸುವ ತಗಡಿನ ಅಳತೆ ಮಾಡಿಕೊಡುತ್ತಿದ್ದರು. ಈಗ ಆ ಕೆಲಸ ತೀರಾ ಕಡಿಮೆ. ಉಳಿದದ್ದು ನಮ್ಮಂಥವರ ಅಚ್ಚು ಅಷ್ಟೇ. ಚಿತ್ರದ ಕಾಗದಗಳನ್ನು ಅವರಿಗೆ ಕೊಟ್ಟು ಬಂದೆ.

ನಾಲ್ಕು ದಿನ ಬಿಟ್ಟು ಮಾವಶಿ ಮಾದರಿ ಜೋಡಿಯನ್ನು ಕೈಗೆತ್ತಿಕೊಂಡಳು.

"ಏ ತಂಗಿ, ಈ ಎಸಳ ಎಲ್ಲಾ ಬಾಯಿ ಬಿಟ್ಟಾವಲ್ಲ?"

"ಪಟದಾಗ ಹಂಗ ಐತಿ ಮಾವಶಿ."

"ಪಟದಾಗ ಇದ್ರ ಇರ್ಲಿ. ತೊಗಲಿಗೆ ಕಚ್ಚು ಬಿತ್ತಂದ್ರ ಅಲ್ಲಿಂದನ ಹರೀತೈತಿ. ನಾಕ ದಿನ ಮೆಟ್ಟಿದ್ರ ಹೂವಿನ ಹಲ್ಲ ಉದರತಾವ. ನಮ್ಮ ಹೆಸರು ಹಚ್ಚಿ ಕಳಸೂದು, ನೆನಪಿರ್ಲಿ."

ಮಾತು ಸರಿ ಅನ್ನಿಸಿತು. ನಾವು ಕಲಿತ ವಿದ್ಯೆಯೇ ಅದು: ಅಂಚಿನಲ್ಲಿ ಕಚ್ಚು ಕಂಡರೆ ಅದು ಹೊಲಸು ಕೆಲಸ. ಯಾರೋ ಗಡಿಬಿಡಿಯಲ್ಲಿ ಕಿತ್ತ ಹೂವಿನ ಫೋಟೋ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಪುಣೆಗೆ ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಇಂಥ ಸಣ್ಣ ಮಾತಿಗೆಲ್ಲ ಕೇಳಿದರೆ ನನ್ನ ಬುದ್ಧಿಗೆ ಬೆಲೆ ಏನು ಎಂಬ ಸೊಕ್ಕು. ನೇರವಾಗಿ ಚಾಚಾನಿಗೆ ಫೋನ್ ಮಾಡಿ, "ತುದಿ ದುಂಡಗ ಮಾಡ್ರಿ" ಎಂದೆ. ಆ ಕಡೆ ಅರದಿಂದ ಉಜ್ಜುವ ಸದ್ದು ನಿಂತಿತು. ಆಮೇಲೆ "ಹೂಂ ಬೇಟಿ" ಎಂದರು.

ದುಂಡು ತುದಿಯ ಅಚ್ಚು ಬಂತು. ಬಿಳಿ ತೊಗಲಿಗೆ ಗುಲಾಬಿ ಹಾಕಿದರೆ ಮೊದಲು ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ ಬಂದು ಒಂದು ವಾರ ತಿಂದಿತು. ಆಮೇಲೆ ಕೆಲಸ ಓಡಿತು. ತೆಳ್ಳನಾಕಿ ನೂರೈವತ್ತು ಜೋಡಿ, ಜೋಲಾಕಿ ಎಪ್ಪತ್ತೈದು ಜೋಡಿ ಹೊಲಿದು ಸಾಲಾಗಿ ಇಟ್ಟೆವು. ಜೋಡಿಗೆ ನಾಲ್ಕು ಹೂ, ಹೂವಿಗೆ ಐದು ಎಸಳು, ಪ್ರತಿ ಎಸಳಿನ ಸುತ್ತ ಮೇಣದ ದಾರದ ಹೊಲಿಗೆ. ದಪ್ಪಾಕಿಯ ಎಪ್ಪತ್ತೈದು ಜೋಡಿ ಮಾತ್ರ ಬಾಕಿ; ಅದರ ಅಚ್ಚು ಇನ್ನೂ ಚಾಚಾನ ಬಳಿಯೇ ಇತ್ತು. ಮಾಲು ಹೊರಡಲು ಹತ್ತು ದಿನ ಇರುವಾಗ, ಎಷ್ಟು ಚಂದ ಆಗಿದೆ ನೋಡಲಿ ಎಂದು, ಮೇಡಂಗೆ ವಿಡಿಯೋ ಕಾಲ್ ಮಾಡಿದ್ದೂ ನಾನೇ.

ಮೇಡಂ ನಕ್ಕುಕೊಂಡೇ ಮಾತು ಶುರು ಮಾಡಿದರು. "ಸ್ವಲ್ಪ ಹತ್ರ ಹಿಡೀರಿ" ಎಂದರು. ಹಿಡಿದೆ. "ಇನ್ನೂ ಹತ್ರ." ಅವರ ಮುಖದ ನಗು ಇಳಿಯುತ್ತಾ ಹೋಯಿತು.

"ಇದು ಚೆರ್ರಿ ಅಲ್ರಿ."

"ಯಾಕ್ರಿ ಮೇಡಂ?"

"ತುದಿ ದುಂಡಗ ಐತಲ್ಲ. ತುದಿ ದುಂಡಗಿದ್ರ ಅದು ಪ್ಲಮ್ ಹೂ. ಅಲ್ಲಿ ಸಣ್ಣ ಹುಡುಗ್ರಿಗೂ ಗೊತ್ತು. ಅದು ಚಳಿಯಾಗ ಅರಳಿ ಮುಗದ ಹೋಗಿರ್ತೈತಿ. ಚೆರ್ರಿ ನೋಡಾಕ ಬಂದವರ ಮುಂದ ಇದನ್ನ ಇಟ್ರ, ಯುಗಾದಿಗೆ ಬೇವು ತಾ ಅಂದ್ರ ಬನ್ನಿ ತಂದಂಗ ಆಗ್ತೈತಿ. ಮಾದರಿಯೊಳಗ ಸರಿ ಇತ್ತಲ್ಲ, ಇದೆಂಗಾತು?"

ಹಿಂದೆ ಆರು ಮಂದಿ ಸೂಜಿ ಹಿಡಿದು ಕುಳಿತಿದ್ದರು. ಆಗ ಬಾಯಿಂದ ಬಂದ ಮಾತನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

"ಅಚ್ಚು ಮಾಡೋರು ತಪ್ಪು ಮಾಡ್ಯಾರ್ರಿ" ಎಂದೆ.

ಮಾವಶಿ ತಲೆಯೆತ್ತಿ ನನ್ನನ್ನು ನೋಡಿದಳು. ಕಚ್ಚಿನ ಮಾತು ಎತ್ತಿದವಳು ಅವಳೇ ಆದ್ದರಿಂದ ಅವಳ ಬಾಯಿಯೂ ಕಟ್ಟಿಹೋಗಿತ್ತು. ಹತ್ತು ದಿನದಲ್ಲಿ ಸರಿ ಮಾಡಿ, ಇಲ್ಲವಾದರೆ ಆರ್ಡರ್ ವಾಪಸ್ಸು ಎಂದು ಹೇಳಿ ಮೇಡಂ ಫೋನ್ ಇಟ್ಟರು.

"ಯಾರ ತುದಿ ನೋಡ್ತಾರ, ಹಂಗ ಕಳಸೂಣು" ಎಂದಳು ಒಬ್ಬಳು. ಮಾವಶಿ ಆಗಲೇ ರಂಪಿಗೆ ಮಸೆಯತೊಡಗಿದ್ದಳು.

ಹೊಲಿದ ಎಸಳಿಗೆ ಕಚ್ಚು ಇಡುವುದು ಹೇಳಿದಷ್ಟು ಸುಲಭವಲ್ಲ. ಹೊಲಿಗೆ ಅಂಚಿನ ಪಕ್ಕದಲ್ಲೇ ಓಡಿರುತ್ತದೆ. ಕಚ್ಚು ಹಾಕಿದರೆ ದಾರವೂ ಕತ್ತರಿಸುತ್ತದೆ, ದಾರ ಬಿಚ್ಚಿಕೊಂಡರೆ ಎಸಳೇ ಏಳುತ್ತದೆ. ಮೊದಲ ದಿನ ಕಚ್ಚು ಹಾಕಿ, ಅದರ ಸುತ್ತ ಮತ್ತೆ ಹೊಲಿದು ನೋಡಿದೆವು. ತೂತಿಗೆ ತೂತು ಹತ್ತಿರವಾಗಿ ಐದರಲ್ಲಿ ಎರಡು ಎಸಳಿನ ತುದಿ ಹರಿದು ಕೈಗೆ ಬಂತು. ಮರುದಿನ ಅಂಟು ಹಚ್ಚಿ ನೋಡಿದೆವು. ನೀರು ತಾಗಿಸಿದರೆ ಅಂಟಿನ ಕಲೆ ಗುಲಾಬಿಯ ಮೇಲೆ ಹಳದಿಯಾಗಿ ಎದ್ದಿತು. ಎರಡು ದಿನ ಹೀಗೆ ಹೋಯಿತು.

ಆ ಎರಡನೆಯ ದಿನ ಮಧ್ಯಾಹ್ನ ಮಾವಶಿ ಊಟದ ಡಬ್ಬಿ ತೆರೆಯದೆ ಗೋಡೆಯ ಪಟವನ್ನೇ ನೋಡುತ್ತಾ ಕುಳಿತಿದ್ದಳು. ಆಮೇಲೆ ಒಂದು ಚಪ್ಪಲಿ ತೆಗೆದುಕೊಂಡು ಎಸಳಿನ ತುದಿಯ ಮೂರು ಹೊಲಿಗೆ ಬಿಚ್ಚಿದಳು. ಕಚ್ಚಿನ ಆಚೆ ಒಂದು, ಈಚೆ ಒಂದು ಗಂಟು ಹಾಕಿ ದಾರವನ್ನು ಒಳಗೆ ಎಳೆದಳು. ತುದಿಗೆ ಹೊಲಿಗೆ ಹಾಕಲೇ ಇಲ್ಲ. ನಡುವೆ ರಂಪಿಗೆಯಿಂದ ಒಂದೇ ಗೀರಿಗೆ ಕಚ್ಚು ತೆಗೆದಳು. ಎಸಳಿನ ತುದಿ ಪಟ್ಟಿಯಿಂದ ತುಸು ಮೇಲೆದ್ದು ನಿಂತಿತು.

"ಮಾವಶಿ, ಅಂಚು ಎದ್ದೈತಿ" ಎಂದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಕಣ್ಣ ಅದಾವ ನನಗ. ಹೊಲಿಗಿ ಇದ್ದಲ್ಲಿ ಎಳದ್ರ ಹರೀತೈತಿ. ಹೊಲಿಗಿನ ಇಲ್ಲಂದ್ರ ಏನ್ ಹರೀತೈತಿ? ಆ ಗಿಡದಾಗೂ ತುದಿ ಎದ್ದ ಐತಿ ನೋಡು." ಮುಂದಿನ ಎಸಳಿನ ಹೊಲಿಗೆ ಬಿಚ್ಚುತ್ತಾ, "ಮೂವತ್ತ ವರ್ಷ ಇದನ್ನ ಒಗದೀನಿ, ಇವತ್ತ ನಾನ ಮಾಡಾಕತ್ತೀನಿ" ಎಂದಳು. ಕಣ್ಣು ಒರೆಸಿಕೊಂಡಳು.

ಮಾವಶಿ ಜೋಡಿ ಮುಗಿಸಿದ ಮೇಲೆ ನಾನು ಅದನ್ನು ಮೆಟ್ಟಿ ಸಂತೆಗೆ ಹೋದೆ. ಎರಡು ತಾಸು ಬೇಕೆಂದೇ ಗದ್ದಲದಲ್ಲಿ ತಿರುಗಿದೆ. ಯಾರೋ ಎಡಗಾಲು ತುಳಿದರು, ಕಾಯಿಪಲ್ಲೆಯವಳು ಚಿಮುಕಿಸಿದ ನೀರು ಬಿತ್ತು, ಧೂಳಂತೂ ಕೇಳುವುದೇ ಬೇಡ. ವಾಪಸ್ಸು ಬಂದು ಒರೆಸಿದರೆ ಒಂದು ಎಸಳೂ ಜಗ್ಗಿರಲಿಲ್ಲ. ಒಂದು ಎಸಳಿಗೆ ಐದು ನಿಮಿಷ. ಏಳು ಮಂದಿ ಬೆನ್ನು ನೆಟ್ಟಗೆ ಮಾಡದೆ ಕುಳಿತರೂ ಎರಡು ಬಗೆಯ ಹೂವಿಗೇ ಆರು ದಿನ. ಉಳಿದದ್ದು ಎಂಟು. ದಪ್ಪಾಕಿಗೆ ಎರಡೇ ದಿನ ಸಿಗುತ್ತಿತ್ತು, ಅದಕ್ಕೆ ಏನಿಲ್ಲವೆಂದರೂ ಐದು ಬೇಕು.

ಅಷ್ಟರಲ್ಲಿ ಮೇಡಂ ಫೋನ್ ಬಂತು. ಅಲ್ಲಿ ಬಿಸಿಲು ಏರಿ ಮೊಗ್ಗು ಬೇಗ ಉಬ್ಬಿವೆಯಂತೆ. ಮಾಲು ಎರಡು ದಿನ ಮೊದಲೇ ಹೊರಡಬೇಕು. ಕೈಯಲ್ಲಿ ಆರೇ ದಿನ. ಹೂವು ನಮಗಾಗಿ ಕಾಯುವುದಿಲ್ಲ. ಒಟ್ಟಿಗೆ ಅರಳಿ ಒಟ್ಟಿಗೆ ಉದುರುವ ಗಿಡದ ಮುಂದೆ ಕ್ಷಮಾಪಣೆ ನಡೆಯುವುದಿಲ್ಲ. ಏನು ಹೇಳಲಿ ಎಂದು ತಿಳಿಯದೆ ಗೋಡೆಯ ಹಾಳೆ ನೋಡಿದೆ. ಕೆಳಗಿನ ಸಾಲುಗಳನ್ನು ಆಗ ಸರಿಯಾಗಿ ಓದಿದೆ. ಶಿದಾರೆ ಮೊದಲು, ಅದರ ಬೆನ್ನಿಗೇ ಸೋಮೇ ಯೋಶಿನೋ. ಯಾಯೆ ಅರಳುವುದು ಅವೆಲ್ಲ ಉದುರಿದ ಮೇಲೆ, ಎರಡು ವಾರಕ್ಕೂ ಹೆಚ್ಚು ತಡವಾಗಿ.

"ಮೇಡಂ, ಎಲ್ಲಾ ಒಮ್ಮಿಗೆ ಯಾಕ್ರಿ ಕಳಸೂದು? ಗಿಡಾನ ಒಮ್ಮಿಗೆ ಅರಳಂಗಿಲ್ಲ. ಈಗ ಅರಳೂವು ಎರಡು ಈಗ ಬರ್ತಾವ. ಯಾಯೆ ಅರಳೂ ಹೊತ್ತಿಗೆ ಯಾಯೆ ಬರ್ತೈತ್ರಿ."

ಅವರು ಯೋಚಿಸಿದರು. ಕೇಳಿ ಹೇಳುತ್ತೇನೆ ಎಂದರು. ಆ ಒಂದು ತಾಸಿನಲ್ಲಿ ನಾವು ನಾಲ್ಕು ಜೋಡಿ ಮುಗಿಸಿದೆವು. ಕೊನೆಗೆ ಒಪ್ಪಿಗೆ ಬಂತು, ಜೊತೆಗೆ ಒಂದು ಮಾತೂ ಬಂತು.

"ಆದ್ರ ಆ ನಿಪ್ಪಾಣಿ ಅಜ್ಜನ ಕೈಯಾಗ ಇನ್ನ ಏನೂ ಕೊಡಬ್ಯಾಡ್ರಿ. ಯಾಯೆ ಅಚ್ಚು ಕೊಲ್ಲಾಪುರದಾಗ ಮಷೀನಿನ ಮ್ಯಾಲೆ ಮಾಡಸ್ರಿ. ಮುಂದಿನವೂ ಎಲ್ಲಾ ಅಲ್ಲೇ."

"ಹೂಂರಿ" ಎಂದೆ. ಚಾಚಾನ ಮೇಲೆ ತಪ್ಪು ಹೊರಿಸಿದ್ದು ಇದು ಎರಡನೆಯ ಸಲ.

ಯಾಯೆಯ ಚಿತ್ರದ ಕಾಗದ ಚಾಚಾನ ಬಳಿಯೇ ಇದ್ದುದರಿಂದ ಮರುದಿನ ನಾನೇ ಹೋಗಬೇಕಾಯಿತು. ಕೋಣೆಯನ್ನು ಮಾವಶಿಗೆ ಒಪ್ಪಿಸಿ ಬೆಳಗಿನ ಬಸ್ಸು ಹತ್ತಿದೆ. ಚಿಕ್ಕೋಡಿ ದಾಟುವವರೆಗೂ ಏನು ಹೇಳಿ ಕಾಗದ ಇಸಿದುಕೊಳ್ಳಲಿ ಎಂದೇ ಯೋಚನೆ. 'ಆರ್ಡರ್ ನಿಂತಿತು ಚಾಚಾ' ಎನ್ನಬಹುದು. 'ಅವರೇ ಬೇರೆ ಕಡೆ ಮಾಡಿಸುತ್ತಾರಂತೆ' ಎನ್ನಬಹುದು. ಒಂದು ಸುಳ್ಳಿಗೆ ಎಷ್ಟು ಮರಿಗಳು ಎಂದು ಆ ಬಸ್ಸಿನಲ್ಲಿ ತಿಳಿಯಿತು.

ಚಾಚಾ ಅರದಿಂದ ಏನೋ ಉಜ್ಜುತ್ತಿದ್ದರು. ನನ್ನನ್ನು ಕಂಡು ಕೈ ಒರೆಸಿಕೊಂಡು ಎದುರಿನ ಅಂಗಡಿಗೆ ಚಹಾ ಹೇಳಿದರು. ನಾನು ಕಾಗದ ಕೇಳುವ ಮೊದಲೇ ಒಂದು ಹಳೆಯ ತಗಡಿನ ಡಬ್ಬಿ ತೆರೆದು, ಕಾಗದ ಸುತ್ತಿ ದಾರ ಕಟ್ಟಿದ ಗಂಟೊಂದನ್ನು ಮುಂದಿಟ್ಟರು.

"ದಪ್ಪ ಹೂವಿನ ಅಚ್ಚು ಆಗ್ಯಾವ ಬೇಟಿ. ಸಣ್ಣದೊಂದು, ದೊಡ್ಡದೊಂದು. ಕಾಗದದಾಗ ಇದ್ದಂಗ ತುದಿಗೆ ಕಚ್ಚು ಇಟ್ಟೀನಿ. ದುಂಡಗ ಬೇಕಂದ್ರ ಈಗ ಹೇಳು."

ಬಿಚ್ಚಿದೆ. ಎರಡೂ ಅಚ್ಚಿನ ತುದಿಯಲ್ಲಿ ಕಚ್ಚು, ಕೂದಲು ಸೀಳಿದಷ್ಟು ಚೊಕ್ಕ. ಅದೇ ಡಬ್ಬಿಯಲ್ಲಿ ಇನ್ನೊಂದು ಗಂಟು ಇತ್ತು. ಹೊರಗೆ ನನ್ನದೇ ಕೈಬರಹ ಕಾಣುತ್ತಿತ್ತು.

"ಅದೇನ್ರಿ ಚಾಚಾ?"

"ಅದು ಮೊದಲಿನ ಹೂವಿಂದು. ಕಾಗದ ನೋಡಿ ಕಚ್ಚು ಇಟ್ಟ ಮಾಡಿ ಮುಗಿಸಿದ್ದೆ, ಅಷ್ಟರಾಗ ನಿನ್ನ ಫೋನ್ ಬಂತು. ಕಾಗದದ ಪ್ರಕಾರ ಮಾಡಿದ ಅಚ್ಚನ್ನ ನಾ ಅಳಸಂಗಿಲ್ಲ. ಇದನ್ನ ಎತ್ತಿಟ್ಟು ನಿನಗ ಬ್ಯಾರೆ ಮಾಡಿ ಕೊಟ್ಟೆ."

ನಾನು ತಪ್ಪು ಹೊರಿಸಿದ ಮನುಷ್ಯ ಸರಿಯಾದದ್ದನ್ನು ಮೊದಲೇ ಮಾಡಿ, ಎಣ್ಣೆ ಸವರಿ, ನನ್ನ ಕಾಗದದಲ್ಲೇ ಸುತ್ತಿ ಇಟ್ಟಿದ್ದರು. ಅಲ್ಲಿಂದ ಎದ್ದು ಹೊರಗೆ ಹೋಗಿ ಫೋನ್ ಮಾಡಬಹುದಿತ್ತು. ಹೋದರೆ ಮತ್ತೆ ಧೈರ್ಯ ಬರುವುದಿಲ್ಲ ಎನ್ನಿಸಿ ಅವರ ಮುಂದೆಯೇ ಮಾಡಿದೆ.

"ಮೇಡಂ, ಅಚ್ಚಿನವರದು ಏನೂ ತಪ್ಪಿಲ್ರಿ. ಅವರು ಸರಿ ಮಾಡಿದ್ರು. ದುಂಡಗ ಮಾಡ್ರಿ ಅಂತ ನಾನ ಹೇಳಿದ್ದೆ. ನಿಮಗ ಕೇಳಲಾರದ ಹೇಳಿದ್ದೆ."

"ಅವತ್ತ ಯಾಕ ಹಿಂಗ ಅನ್ನಲಿಲ್ರಿ?"

"ಅಂಜಿಕಿ ಆತ್ರಿ."

ಮೇಡಂ ಅಂದರು, "ಅಚ್ಚು ಅವರ ಕಡೆನ ಇರ್ಲಿ. ಆದ್ರ ಇನ್ನ ಮ್ಯಾಲೆ ಮಾಲು ಪಾಸ್ ಮಾಡೂದು ನೀವು ಬ್ಯಾಡ. ಮಾವಶಿ ನೋಡಿ ಹೂಂ ಅನ್ನಲಿ." ಏಳು ವರ್ಷ ಮಾಡಿದ ಕೆಲಸ ಒಂದು ಮಾತಿನಲ್ಲಿ ಹೋಯಿತು. ನ್ಯಾಯವೇ. ಆದರೂ ನೋವಾಯಿತು, ಆಗಲಿಲ್ಲ ಎಂದರೆ ಅದು ಮತ್ತೊಂದು ಸುಳ್ಳಾದೀತು.

ಚಾಚಾ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಅಚ್ಚನ್ನು ಒರೆಸುತ್ತಲೇ ಇದ್ದರು.

"ತಪ್ಪು ನಂದಂತ ಹೇಳಿದ್ದೇನು?"

"ಹೂಂ ಚಾಚಾ."

ಅವರು ಮೂರು ಅಚ್ಚನ್ನೂ ಒಟ್ಟಿಗೆ ಸುತ್ತಿ, ದಾರ ಬಿಗಿದು, ನನ್ನ ಕೈಗೆ ಕೊಟ್ಟರು. "ಚಹಾ ತಣ್ಣಗಾಗಾಕತ್ತೈತಿ, ಕುಡಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಆರನೆಯ ದಿನ ಬೆಳಿಗ್ಗೆ ಟೆಂಪೋ ಬಾಗಿಲಿಗೆ ಬಂದಾಗ ಇನ್ನೂ ಹನ್ನೊಂದು ಜೋಡಿ ಬಾಕಿ. ಚಾಲಕ ಹಾರ್ನ್ ಹೊಡೆಯುತ್ತಲೇ ಇದ್ದ. ಮಾವಶಿ ಬಾಗಿಲಲ್ಲಿ ಕುಳಿತು ಒಂದೊಂದೇ ಜೋಡಿಯನ್ನು ಬೆಳಕಿಗೆ ಹಿಡಿದು, ಎಸಳಿನ ತುದಿಯನ್ನು ಉಗುರಿನಿಂದ ಎಬ್ಬಿಸಿ ನೋಡಿ, ನಾಲ್ಕನ್ನು ವಾಪಸ್ಸು ಕೊಟ್ಟಳು. ಅದರಲ್ಲಿ ಎರಡು ನನ್ನವು. ಬಾಯಿ ಮುಚ್ಚಿಕೊಂಡು ಮತ್ತೆ ಹೊಲಿದೆ. ಹನ್ನೊಂದೂವರೆಗೆ ಕೊನೆಯ ಪೆಟ್ಟಿಗೆ ಏರಿತು. ಟೆಂಪೋ ಕಾಗವಾಡದ ರಸ್ತೆ ಹಿಡಿಯಿತು. ಮಿರಜ್ ದಾಟಿ ಸಂಜೆಗೆ ಪುಣೆ. ದಪ್ಪಾಕಿ ಹದಿಮೂರು ದಿನದ ಮೇಲೆ ಅದೇ ರಸ್ತೆಯಲ್ಲಿ ಹೋದಳು.

ಮೇಡಂ ಆಮೇಲೆ ಒಂದು ಫೋಟೋ ಕಳಿಸಿದರು. ನಾನು ಅದನ್ನು ತೆಗೆದುಕೊಂಡು ನಿಪ್ಪಾಣಿಗೆ ಹೋದೆ, ಕೆಲಸವೇನೂ ಇರಲಿಲ್ಲ. ಚಾಚಾ ಕನ್ನಡಕದ ಮೇಲೆ ಭೂತಕನ್ನಡಿ ಹಿಡಿದು ಫೋನನ್ನು ನೋಡಿದರು. ಬಿಳಿ ಹೂ ತುಂಬಿದ ಗಿಡದ ಕೆಳಗೆ ನೀಲಿ ಹಾಸು, ಅದರ ಮೇಲೆ ಜನ. ಹಾಸಿನ ಅಂಚಿಗೆ ಚಪ್ಪಲಿಗಳ ಸಾಲು.

"ಬಿಟ್ಟು ಕುಂತಾರ. ನಮ್ಮ ದರ್ಗಾದಾಗ ಬಿಟ್ಟಂಗ" ಎಂದರು. ಸಾಲಿನಲ್ಲಿ ನಮ್ಮದೊಂದು ಜೋಡಿ ಇತ್ತು. ಪಟ್ಟಿಯ ಮೇಲೆ ಗಿಡದಿಂದ ಉದುರಿದ ಎಸಳೊಂದು ಬಿದ್ದಿತ್ತು, ತೊಗಲಿನ ಎಸಳಿನ ಪಕ್ಕದಲ್ಲೇ. ಅವರು ಎರಡನ್ನೂ ಬಹಳ ಹೊತ್ತು ನೋಡಿದರು. ಎರಡಕ್ಕೂ ತುದಿಯಲ್ಲಿ ಕಚ್ಚು ಇತ್ತು.

ನಾನು ಚೀಲದಿಂದ ದುಂಡು ತುದಿಯ ಅಚ್ಚನ್ನು ತೆಗೆದು ಮುಂದಿಟ್ಟೆ. "ಇದನ್ನ ಕರಗಿಸಿಬಿಡ್ರಿ ಚಾಚಾ. ನೋಡಿದ್ರ ಮಾರಿ ಕೆಳಗ ಆಗ್ತೈತಿ."

"ಚೆರ್ರಿದಲ್ಲಂದ್ರ ಇದು ಯಾವ ಹೂವಿಂದು?"

"ಪ್ಲಮ್ ಹೂವಿಂದಂತ್ರಿ. ಅದು ಚಳಿಗಾಲದಾಗ ಅರಳತೈತಂತ."

"ಮತ್ತ ಅದರದೇನ ತಪ್ಪು?" ಎಂದು ಅವರು ಅಚ್ಚಿಗೆ ಎಣ್ಣೆ ಸವರಿದರು. ಡಬ್ಬಿ ಎಳೆದುಕೊಂಡು, ಸುತ್ತಲು ಕಾಗದ ಹುಡುಕಿ, ಸಿಗದೆ ನನ್ನತ್ತ ಕೈ ಚಾಚಿದರು. "ಇದಕ್ಕ ಕಾಗದ ಇಲ್ಲ ಬೇಟಿ. ಬಾಯಿಮಾತಿಲೆ ಮಾಡಿದ್ದು. ಒಂದು ಬರದು ಕೊಡು, ಇಟ್ಟಿರ್ತೀನಿ."

ಅವರ ಮೊಂಡು ಪೆನ್ಸಿಲಿನಿಂದ ಅಲ್ಲೇ ಕುಳಿತು ಐದು ದುಂಡು ಎಸಳು ಬರೆದೆ. ಕೆಳಗೆ ನನ್ನ ಸಹಿ ಹಾಕಿ ಕೊಟ್ಟೆ.